ಕೇಬಲ್ ಹೋಯ್ತು, ವೈರ್ ಬಂತು: ಎಕ್ಸಲೇಟರ್ ತಿರುಗಿಸಿದಾಗ ಈಗ ಏನಾಗುತ್ತದೆ?

ಕೊಟ್ಟಿಗೆಹಾರಕ್ಕೆ ಇನ್ನೂ ನಾಲ್ಕೈದು ಕಿಲೋಮೀಟರ್ ಇತ್ತು. ಚಾರ್ಮಾಡಿ ಘಾಟಿಯಲ್ಲಿ ಜಿಟಿಜಿಟಿ ಮಳೆ, ಮುಂದಿನ ತಿರುವು ಕಾಣದಷ್ಟು ಮಂಜು. ಎರಡನೇ ಗೇರ್‌ನಲ್ಲಿ ರೇಸ್ ಕೊಟ್ಟೆ. ಕೈಯಲ್ಲಿ 'ಟಿಕ್' ಅಂತ ಒಂದು ಸಣ್ಣ ಸದ್ದು. ಆಮೇಲೆ ಹಿಡಿಕೆ ಸಲೀಸಾಗಿ ತಿರುಗುತ್ತಿದೆ, ಎಂಜಿನ್ ಮಾತ್ರ ಐಡ್ಲಿಂಗ್‌ನಲ್ಲೇ ಗುನುಗುತ್ತಿದೆ. ಎಕ್ಸಲೇಟರ್ ಕೇಬಲ್ ಕಟ್ಟಾಗಿತ್ತು.

ಪಕ್ಕಕ್ಕೆ ತಳ್ಳಿ ನೋಡಿದೆ. ಹಿಡಿಕೆಯ ಹತ್ತಿರ, ಕೇಬಲ್ ಬಾಗುವ ಜಾಗದಲ್ಲೇ, ಎಳೆಗಳು ಒಂದೊಂದಾಗಿ ಹರಿದು ಹಳೇ ಪೊರಕೆಯ ಹಾಗೆ ಕೆದರಿ ನಿಂತಿದ್ದವು. ಲಾರಿ ನಿಲ್ಲಿಸಿದ ಕ್ಲೀನರ್ ಒಬ್ಬರು ಸ್ಕ್ರೂಡ್ರೈವರ್ ಕೊಟ್ಟರು. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಪಕ್ಕದ ಐಡ್ಲಿಂಗ್ ಸ್ಕ್ರೂ ಮೂರು ಸುತ್ತು ಬಿಗಿ ಮಾಡಿದೆ. ಎಂಜಿನ್ ಜೋರಾಗಿ ಓಡತೊಡಗಿತು. ಒಂದನೇ ಗೇರ್ ಹಾಕಿ, ಬರೀ ಕ್ಲಚ್‌ನಲ್ಲೇ ವೇಗ ಸಂಭಾಳಿಸುತ್ತಾ ಕೊಟ್ಟಿಗೆಹಾರ ಮುಟ್ಟಿದೆ. ನೀರ್ ದೋಸೆ ತಿಂದು ಮುಗಿಸುವ ಹೊತ್ತಿಗೆ ಗ್ಯಾರೇಜಿನ ಹುಡುಗ ಹೊಸ ಕೇಬಲ್ ಹಾಕಿದ್ದ. ಮಜೂರಿ ಸೇರಿ 250 ರೂಪಾಯಿ.

ಇದು ನಡೆದು 12 ವರ್ಷ ಆಯ್ತು. ಹೋದ ಮಳೆಗಾಲದಲ್ಲಿ ಬೇರೆ ಬೈಕಿನಲ್ಲಿ, ಸಕಲೇಶಪುರದ ಹತ್ತಿರ, ಹೆಚ್ಚುಕಡಿಮೆ ಇಂಥದ್ದೇ ಮಳೆಯಲ್ಲಿ ಮತ್ತೆ ನಿಂತೆ. ಈ ಬೈಕಿಗೆ ಎಕ್ಸಲೇಟರ್ ಕೇಬಲ್ಲೇ ಇಲ್ಲ. ಮೀಟರಿನಲ್ಲಿ ಹಳದಿ ಎಂಜಿನ್ ಲೈಟ್ ಹತ್ತಿತು. ಹಿಡಿಕೆ ಎಷ್ಟು ತಿರುಗಿಸಿದರೂ ಎಂಜಿನ್ ಒಂದೇ ಸದ್ದಿನಲ್ಲಿ ಓಡುತ್ತಿತ್ತು, ಐಡ್ಲಿಂಗ್‌ಗಿಂತ ಸ್ವಲ್ಪ ಜಾಸ್ತಿ. ಕೀ ಆಫ್ ಮಾಡಿ ಆನ್ ಮಾಡಿದೆ, ಸರಿಹೋಯಿತು. ಹತ್ತು ನಿಮಿಷಕ್ಕೆ ಮತ್ತೆ ಅದೇ ಕಥೆ. ಊರೊಳಗೆ ಒಂದು ಗ್ಯಾರೇಜ್ ಸಿಕ್ಕಿತು. ಮೆಕ್ಯಾನಿಕ್ ಬಗ್ಗಿ ನೋಡಿ, ಬಟ್ಟೆಗೆ ಕೈ ಒರೆಸಿಕೊಂಡು ಹೇಳಿದರು: "ಸಾರ್, ಕೇಬಲ್ ಗಾಡಿ ಆಗಿದ್ರೆ ಐದೇ ನಿಮಿಷ. ಇದಕ್ಕೆ ಲ್ಯಾಪ್‌ಟಾಪ್ ಬೇಕು. ಹಾಸನಕ್ಕೆ ಹೋಗ್ಬಿಡಿ."

ಈ ಎರಡು ಅನುಭವ ಇಟ್ಟುಕೊಂಡು 'ಹಳೇದೇ ಚೆನ್ನಾಗಿತ್ತು' ಅಂತ ಬರೆದುಬಿಡಬಹುದು. ನನಗೆ ಹಾಗೆ ಅನಿಸುವುದಿಲ್ಲ. ಕೇಬಲ್ ಬದಲು ವೈರಿನಲ್ಲಿ ಎಂಜಿನ್ನಿಗೆ ಸಂದೇಶ ಕಳಿಸುವ ಈ ರೈಡ್ ಬೈ ವೈರ್ ಒಳ್ಳೆಯ ತಂತ್ರಜ್ಞಾನ. ಸವಾರರು ಅದರ ಬಗ್ಗೆ ಹೇಳುವ ದೂರುಗಳಲ್ಲಿ ಕೆಲವು ನಿಜ, ಕೆಲವು ಬೇರೆ ಯಾವುದೋ ತೊಂದರೆಯನ್ನು ವೈರಿನ ತಲೆಗೆ ಕಟ್ಟಿದ್ದು. ಆದರೆ ಸಕಲೇಶಪುರದ ಆ ಮೆಕ್ಯಾನಿಕ್ ಹೇಳಿದ ಮಾತಿದೆಯಲ್ಲ, ಅದರ ಬಗ್ಗೆ ಯಾರೂ ಸರಿಯಾಗಿ ಮಾತಾಡುತ್ತಿಲ್ಲ. ಅಲ್ಲಿಗೆ ಬರುವ ಮೊದಲು ಹಿಡಿಕೆಯ ಒಳಗೆ ಏನಿದೆ ಅಂತ ನೋಡೋಣ.

ಕೇಬಲ್ ಬೈಕಿನಲ್ಲಿ ಲೆಕ್ಕ ಸರಳ. ಹಿಡಿಕೆ ತಿರುಗಿಸಿದರೆ ಕೇಬಲ್ ಎಳೆಯುತ್ತದೆ. ಕೇಬಲ್ ಎಳೆದಷ್ಟೂ ಕಾರ್ಬುರೇಟರಿನ ಸ್ಲೈಡ್, ಅಂದರೆ ಗಾಳಿಯ ದಾರಿಗೆ ಅಡ್ಡ ಇರುವ ತುಂಡು, ಮೇಲೇಳುತ್ತದೆ, ಅಥವಾ ಕಾರ್ಬುರೇಟರ್ ಇಲ್ಲದ ಬೈಕಿನಲ್ಲಿ ಗಾಳಿ ಒಳಹೋಗುವ ಥ್ರಾಟಲ್ ಬಾಡಿಯ ಬಟರ್‌ಫ್ಲೈ ತೆರೆಯುತ್ತದೆ. ಬಟರ್‌ಫ್ಲೈ ಅಂದರೆ ಗಾಳಿ ಹೋಗುವ ಕೊಳವೆಗೆ ಅಡ್ಡವಾಗಿ ಕೂತಿರುವ ಒಂದು ಲೋಹದ ಬಿಲ್ಲೆ. ಅದು ಎಷ್ಟು ವಾಲುತ್ತದೋ ಅಷ್ಟು ಗಾಳಿ ಒಳಗೆ. ಯಮಹಾ ಆರ್‌ಎಕ್ಸ್ 100ರಲ್ಲಂತೂ ಈ ಕೇಬಲ್ ಮಧ್ಯದಲ್ಲಿ ಕವಲೊಡೆಯುತ್ತಿತ್ತು. ಒಂದು ಕವಲು ಕಾರ್ಬುರೇಟರಿಗೆ, ಇನ್ನೊಂದು ಆಯಿಲ್ ಪಂಪಿಗೆ. ರೇಸ್ ಜಾಸ್ತಿ ಕೊಟ್ಟರೆ ಆಯಿಲೂ ಜಾಸ್ತಿ. ಒಂದು ತಂತಿಯಲ್ಲಿ ಎರಡು ಕೆಲಸ. ಕಂಪ್ಯೂಟರ್ ಇಲ್ಲದ ಕಾಲದ ಜಾಣತನ ಅದು.

ರೈಡ್ ಬೈ ವೈರ್ ಬೈಕಿನಲ್ಲಿ ಹಿಡಿಕೆಗೂ ಆ ಬಿಲ್ಲೆಗೂ ನೇರ ಸಂಬಂಧ ಕಡಿದುಹೋಗಿದೆ. ಹಿಡಿಕೆಯಲ್ಲಿ ಒಂದು ಸೆನ್ಸರ್ ಇರುತ್ತದೆ. ಕೈ ಎಷ್ಟು ಡಿಗ್ರಿ ತಿರುಗಿತು ಅನ್ನುವುದನ್ನು ಅದು ವೋಲ್ಟೇಜ್ ರೂಪದಲ್ಲಿ ಎಂಜಿನ್ನಿನ ಕಂಪ್ಯೂಟರಿಗೆ, ಅಂದರೆ ಇಸಿಯುಗೆ ತಿಳಿಸುತ್ತದೆ. ಇಸಿಯು ಗೇರ್ ಯಾವುದು, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಎಷ್ಟು, ಎಂಜಿನ್ ಬಿಸಿ ಎಷ್ಟು, ಯಾವ ಮೋಡ್ ಹಾಕಿದ್ದಾರೆ ಅಂತ ನೋಡಿ, ಬಿಲ್ಲೆ ಎಷ್ಟು ತೆರೆಯಬೇಕು ಅಂತ ತೀರ್ಮಾನಿಸುತ್ತದೆ. ಥ್ರಾಟಲ್ ಬಾಡಿಯಲ್ಲಿರುವ ಪುಟ್ಟ ಮೋಟಾರ್ ಅದನ್ನು ತಿರುಗಿಸುತ್ತದೆ. ಅಂದರೆ ನಮ್ಮ ಕೈ ಈಗ ಕೊಡುವುದು ಅರ್ಜಿ. ಮಂಜೂರು ಮಾಡುವುದು ಇಸಿಯು.

ಇದು ಎಷ್ಟರ ಮಟ್ಟಿಗೆ ಅರ್ಜಿ ಅನ್ನುವುದಕ್ಕೆ ಟಿವಿಎಸ್ ಅಪಾಚೆ ಆರ್‌ಆರ್ 310 ಒಳ್ಳೆಯ ಉದಾಹರಣೆ. ನಮ್ಮ ಪಕ್ಕದ ಹೊಸೂರಿನಲ್ಲಿ ತಯಾರಾಗುವ ಬೈಕ್ ಇದು. 2020ರಲ್ಲಿ ಇದಕ್ಕೆ ರೈಡ್ ಬೈ ವೈರ್ ಬಂತು, ಜೊತೆಗೆ ನಾಲ್ಕು ಮೋಡ್. ಸ್ಪೋರ್ಟ್ ಮತ್ತು ಟ್ರ್ಯಾಕ್ ಮೋಡ್‌ನಲ್ಲಿ 34 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿ. ಅರ್ಬನ್ ಮತ್ತು ರೈನ್ ಮೋಡ್‌ನಲ್ಲಿ 25.8 ಪಿಎಸ್ ಮಾತ್ರ. ಅದೇ ಎಂಜಿನ್, ಅದೇ ಕೈ, ಹಿಡಿಕೆ ಪೂರ್ತಿ ತಿರುಗಿಸಿದ್ದೂ ಅದೇ. ಸಿಗುವುದು ಮಾತ್ರ ಬೇರೆ.

ಇದರ ಇತಿಹಾಸ ತುಂಬಾ ಉದ್ದ ಏನಲ್ಲ. ಬೈಕುಗಳಲ್ಲಿ ಇದನ್ನು ಮಾರುಕಟ್ಟೆಗೆ ತಂದಿದ್ದು 2006ರ ಯಮಹಾ ಆರ್6. ಆ ಬೈಕಿನಲ್ಲಿ ಹಿಡಿಕೆಯಿಂದ ಸೆನ್ಸರ್‌ವರೆಗೆ ಇನ್ನೂ ಕೇಬಲ್ಲೇ ಇತ್ತು, ಅಲ್ಲಿಂದ ಮುಂದೆ ಮಾತ್ರ ವೈರ್. ಸವಾರನ ಕೈಗೆ ಹಳೇ ಬಿಗಿ ಸಿಗಲಿ ಅನ್ನುವುದೂ ಅದರಲ್ಲಿ ಇತ್ತು. ಆ ತುಂಡು ಕೇಬಲ್ಲೂ ಇಲ್ಲದ ಬೈಕುಗಳು ಆಮೇಲೆ ಬಂದವು. ನಮ್ಮಲ್ಲಿ ಮಧ್ಯಮ ವರ್ಗದವರು ಸಾಲ ಮಾಡಿಯಾದರೂ ಕೊಳ್ಳಬಹುದಾದ ಬೆಲೆಗೆ ಇದು ಬಂದಿದ್ದು 2017ರ ಕೆಟಿಎಂ 390 ಡ್ಯೂಕ್‌ನಲ್ಲಿ. 2023ರಲ್ಲಿ ಟ್ರಯಂಫ್ ಸ್ಪೀಡ್ 400, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಸಾಲಾಗಿ ಬಂದವು. 2024ರಲ್ಲಿ 1.85 ಲಕ್ಷಕ್ಕೆ ಪಲ್ಸರ್ ಎನ್‌ಎಸ್400ಝಡ್ ಬಂತು. 2025ರ ಆಗಸ್ಟ್‌ನಲ್ಲಿ ಹೀರೋ ಗ್ಲಾಮರ್ ಎಕ್ಸ್ 125 ಬಂತು. ಆಗ ಎಕ್ಸ್ ಶೋರೂಂ ಬೆಲೆ ಸುಮಾರು 90 ಸಾವಿರದಿಂದ ಶುರುವಾಗಿತ್ತು, ಅದರಲ್ಲೂ ರೈಡ್ ಬೈ ವೈರ್, ಹಿಡಿಕೆ ಬಿಟ್ಟರೂ ಒಂದೇ ವೇಗ ಕಾಯುವ ಕ್ರೂಸ್ ಕಂಟ್ರೋಲ್! ಹಾಲು ಹಾಕುವವರು, ಕೆಲಸಕ್ಕೆ ಹೋಗುವವರು ಓಡಿಸುವ 125 ಸಿಸಿ ಗಾಡಿಗೇ ಬಂದಮೇಲೆ ಇದು ಬರೀ ಬೈಕ್ ಹುಚ್ಚಿನ ಹುಡುಗರ ಚರ್ಚೆಯಾಗಿ ಉಳಿದಿಲ್ಲ.

ಯಾಕೆ ಬೇಕಿತ್ತು?

ಕ್ರೂಸ್ ಕಂಟ್ರೋಲ್, ರೈಡಿಂಗ್ ಮೋಡ್ ಇವೆಲ್ಲ ಜಾಹೀರಾತಿಗೆ ಸಿಗುವ ಕಾರಣಗಳು. ಒಳಗಿನ ಕಾರಣ ಹೊಗೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಅನ್ನುವ ಹೊಗೆ ನಿಯಮ ಕಡ್ಡಾಯವಾಯಿತು. ಸೈಲೆನ್ಸರಿನೊಳಗೆ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕೆಲಸ ಮಾಡಬೇಕಾದರೆ ಗಾಳಿ ಮತ್ತು ಪೆಟ್ರೋಲ್ ಒಂದು ಹದದಲ್ಲಿ ಬೆರೆಯಬೇಕು. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ.

ಕೇಬಲ್ ಇರುವ ಇಂಜೆಕ್ಷನ್ ಬೈಕಿನಲ್ಲಿ (ಕಾರ್ಬುರೇಟರ್ ಬದಲು ಇಸಿಯು ಹೇಳಿದಷ್ಟು ಪೆಟ್ರೋಲ್ ಚಿಮ್ಮಿಸುವ ಬೈಕು) ನೀವು ದಿಢೀರ್ ಅಂತ ರೇಸ್ ಕೊಟ್ಟರೆ ಬಿಲ್ಲೆ ಮೊದಲು ತೆರೆಯುತ್ತದೆ, ಗಾಳಿ ನುಗ್ಗುತ್ತದೆ. ಇಸಿಯುಗೆ ವಿಷಯ ಗೊತ್ತಾಗುವುದು ಆಮೇಲೆ. ಅದು ಓಡೋಡಿ ಬಂದು ಪೆಟ್ರೋಲ್ ಸೇರಿಸುತ್ತದೆ. ಆ ಕ್ಷಣದಲ್ಲಿ ಹದ ತಪ್ಪುತ್ತದೆ. ವೈರ್ ಇದ್ದರೆ ಇಸಿಯುಗೆ ಮೊದಲೇ ಗೊತ್ತು. ಗಾಳಿ, ಪೆಟ್ರೋಲ್ ಎರಡನ್ನೂ ಅದು ಕೂಡಿಸಿ ಕಳಿಸುತ್ತದೆ. ಒಗ್ಗರಣೆಗೆ ಎಣ್ಣೆ ಕಾದಮೇಲೆ ಸಾಸಿವೆ ಹುಡುಕುವವರಿಗೂ, ಎಲ್ಲ ಕೈಗೆ ಎಟುಕುವ ಹಾಗೆ ಇಟ್ಟುಕೊಂಡು ಒಲೆ ಹಚ್ಚುವವರಿಗೂ ಇರುವ ವ್ಯತ್ಯಾಸ ಇದು.

ಒಂದು ತಪ್ಪು ತಿಳುವಳಿಕೆ ಇಲ್ಲೇ ಸರಿಮಾಡಬೇಕು. ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಬೇಕಾದರೆ ರೈಡ್ ಬೈ ವೈರ್ ಇರಲೇಬೇಕು ಅಂತ ಕೆಲವರು ಹೇಳುತ್ತಾರೆ. ಹಾಗೇನಿಲ್ಲ. ಯಮಹಾ ಆರ್15 ವಿ4 ಕೇಬಲ್ ಬೈಕು, ಅದರಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಇದೆ. ಹಿಂದಿನ ಚಕ್ರ ಜಾರಿದರೆ ಇಂಧನ, ಕಿಡಿ ಕಡಿಮೆ ಮಾಡಿ ಶಕ್ತಿ ಇಳಿಸಬಹುದು. ಬಿಲ್ಲೆ ಮುಟ್ಟಲೇಬೇಕಿಲ್ಲ. ಆದರೆ ಅದೇ ಆರ್15ರ ಕ್ವಿಕ್‌ಶಿಫ್ಟರ್ (ಕ್ಲಚ್ ಹಿಡಿಯದೆ ಗೇರ್ ಬದಲಿಸುವ ಸೌಲಭ್ಯ) ಗೇರ್ ಏರಿಸುವಾಗ ಮಾತ್ರ ಕೆಲಸ ಮಾಡುತ್ತದೆ. ಇಳಿಸುವಾಗ ಎಂಜಿನ್ನಿಗೆ ತಾನಾಗಿ ಒಂಚೂರು ರೇಸ್ ಕೊಡಬೇಕು. ಅದಕ್ಕೆ ಬಿಲ್ಲೆ ತಿರುಗಿಸುವ ಮೋಟಾರ್ ಬೇಕು. ಕ್ರೂಸ್ ಕಂಟ್ರೋಲಿಗೂ ಅಷ್ಟೇ.

ಕ್ರೂಸ್ ಕಂಟ್ರೋಲ್ ಬಗ್ಗೆ ಒಂದು ಮಾತು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶ ಇಲ್ಲ. ಊರೊಳಗೆ ಅದನ್ನು ಹಾಕುವ ಹಾಗೇ ಇಲ್ಲ. ಆದರೂ ಅದು ಸುಮ್ನೆ ತೋರಿಕೆಗೆ ಇಟ್ಟಿದ್ದು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಚಿತ್ರದುರ್ಗ ದಾಟಿ ದಾವಣಗೆರೆ, ಹುಬ್ಬಳ್ಳಿ ಕಡೆ ಒಂದೇ ಸಮ ಮೂರು ಗಂಟೆ ಓಡಿಸಿದವರಿಗೆ ಬಲಗೈ ಮಣಿಕಟ್ಟಿನ ನೋವು ಗೊತ್ತು. ಎರಡು ನಿಮಿಷ ಕೈ ಸಡಿಲ ಬಿಡಲು ಸಿಕ್ಕರೂ ದೊಡ್ಡ ಉಪಕಾರ.

ಸವಾರರ ದೂರು, ಅದರ ಮೂಲ

ಮೊದಲ ದೂರು ತಡ. 'ರೇಸ್ ಕೊಟ್ಟಮೇಲೆ ಒಂದು ಕ್ಷಣ ಬಿಟ್ಟು ಗಾಡಿ ಎದ್ದೇಳುತ್ತದೆ' ಅನ್ನುತ್ತಾರೆ. ಸೆನ್ಸರ್‌ನಿಂದ ಇಸಿಯು, ಇಸಿಯುನಿಂದ ಮೋಟಾರ್, ಇಷ್ಟು ದಾರಿಗೆ ಹಿಡಿಯುವ ಹೊತ್ತು ಬಹಳ ಕಮ್ಮಿ. ಕೈಗೆ ತಟ್ಟುವ ತಡ ಬಹುಪಾಲು ಬೇಕೆಂದೇ ಇಟ್ಟಿದ್ದು. ಕೆಳಗಿನ ಗೇರ್‌ಗಳಲ್ಲಿ ಬಿಲ್ಲೆಯನ್ನು ನಿಧಾನ ತೆರೆಯಿರಿ ಅಂತ ಸಾಫ್ಟ್‌ವೇರಿನಲ್ಲಿ ಬರೆದಿರುತ್ತಾರೆ. ಕಾರಣ ಹೊಗೆ ಇರಬಹುದು, ಶಬ್ದದ ಮಿತಿ ಇರಬಹುದು, ಹೊಸ ಸವಾರ ಮುಂದಿನ ಚಕ್ರ ಎತ್ತಿಬಿಡದಿರಲಿ ಅನ್ನುವುದೂ ಇರಬಹುದು. ಅದಕ್ಕೇ ಒಂದೇ ಬೈಕಿನಲ್ಲಿ ರೈನ್ ಮೋಡ್ ಸೋಮಾರಿ ಅನಿಸುತ್ತದೆ, ಸ್ಪೋರ್ಟ್ ಮೋಡ್ ಚುರುಕು ಅನಿಸುತ್ತದೆ. ವೈರ್ ಒಂದೇ, ಬರೆದ ಲೆಕ್ಕ ಬೇರೆ.

ಎರಡನೇ ದೂರು ಜರ್ಕ್. ನನಗೆ ಇದೇ ದೊಡ್ಡದು. ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್ಕಿನಲ್ಲಿ ಎರಡನೇ ಗೇರ್ ಹಾಕಿ, 15 ಕಿ.ಮೀ. ವೇಗದಲ್ಲಿ ತೆವಳುತ್ತಿದ್ದೀರಿ ಅಂದುಕೊಳ್ಳಿ. ಹಿಡಿಕೆ ಪೂರ್ತಿ ಬಿಟ್ಟಿದ್ದೀರಿ. ಮುಂದಿನ ಕಾರು ಒಂದು ಗಜ ಮುಂದೆ ಹೋಯಿತು. ಕೂದಲೆಳೆಯಷ್ಟು ರೇಸ್ ಕೊಟ್ಟಿರಿ. ಏನೂ ಆಗಲಿಲ್ಲ. ಇನ್ನೊಂದು ಕೂದಲೆಳೆ. ಗಾಡಿ ಧಡ್ ಅಂತ ಮುಂದಕ್ಕೆ ಜಿಗಿಯಿತು. ಹೆಂಡತಿ ಹಿಂದೆ ಕೂತಿದ್ದರೆ ಅವರ ಹೆಲ್ಮೆಟ್ ನಿಮ್ಮ ಹೆಲ್ಮೆಟ್ಟಿಗೆ ಢಿಕ್ಕಿ. ರೇಸ್ ಬಿಟ್ಟಿರಿ, ಈಗ ಹಿಂದಕ್ಕೆ ಎಳೆದ ಹಾಗೆ ನಿಂತಿತು. ಹೀಗೆ ಒಂದು ಗಂಟೆ ಓಡಿಸಿದರೆ ಸೊಂಟಕ್ಕಿಂತ ಮೊದಲು ತಾಳ್ಮೆ ಹೋಗುತ್ತದೆ.

ಇದರಲ್ಲಿ ವೈರಿನ ಪಾಲು ಎಷ್ಟು? ಹಿಡಿಕೆ ಬಿಟ್ಟಾಗ ಪೆಟ್ರೋಲ್ ಉಳಿಸಲು ಇಸಿಯು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಮುಚ್ಚುತ್ತದೆ. ಮತ್ತೆ ರೇಸ್ ಕೊಟ್ಟಾಗ ಸೊನ್ನೆಯಿಂದ ಶುರು. ಆ ಹೊಸಿಲು ದಾಟುವಾಗಲೇ ಜಿಗಿತ. ಕೇಬಲ್ ಇರುವ ಇಂಜೆಕ್ಷನ್ ಬೈಕುಗಳಲ್ಲೂ ಇದು ಇದೆ. ಒಳ್ಳೆಯ ಮ್ಯಾಪ್, ಅಂದರೆ ಹಿಡಿಕೆ ಎಷ್ಟು ತಿರುಗಿದರೆ ಬಿಲ್ಲೆ ಎಷ್ಟು ತೆರೆಯಬೇಕು ಅನ್ನುವ ಲೆಕ್ಕ, ಬರೆದರೆ ಆ ಹೊಸಿಲನ್ನು ಮೆತ್ತಗೆ ದಾಟಿಸುವುದು ವೈರಿನಲ್ಲೇ ಸುಲಭ. ಕೆಟ್ಟದಾಗಿ ಬರೆದರೆ ಜಾಸ್ತಿ ಕಾಡುವುದೂ ವೈರಿನಲ್ಲೇ. ಹಾಗಾಗಿ ಅದೇ ತಂತ್ರಜ್ಞಾನದ ಎರಡು ಬೈಕು ಓಡಿಸಿದವರು ಒಬ್ಬರು 'ಬೆಣ್ಣೆ' ಅನ್ನುತ್ತಾರೆ, ಇನ್ನೊಬ್ಬರು 'ಎತ್ತಿನ ಗಾಡಿ' ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಇನ್ನೊಂದು ಕಡೆ ನೋಡಬೇಕು: ಚೈನ್. ಎಷ್ಟೋ ಸಲ ಜರ್ಕಿನ ಅರ್ಧ ಭಾಗ ಅಲ್ಲೇ ಇರುತ್ತದೆ. ಚೈನ್ ಜೋತುಬಿದ್ದಿದ್ದರೆ ರೇಸ್ ಕೊಟ್ಟಾಗ ಮೊದಲು ಆ ಸಡಿಲ ಬಿಗಿಯಾಗಬೇಕು, ಆಮೇಲೆ ಚಕ್ರಕ್ಕೆ ಎಳೆತ. ಬಿಗಿಯಾಗುವ ಕ್ಷಣದಲ್ಲಿ ಧಡ್. ಸರ್ವಿಸ್ ಸೆಂಟರಿಗೆ ಹೋಗಿ 'ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ' ಅಂತ ಕೇಳುವ ಮೊದಲು ಮ್ಯಾನುಯಲ್ ತೆಗೆದು ಚೈನ್ ಎಷ್ಟು ಆಡಬೇಕು ಅಂತ ನೋಡಿ, ಅಳತೆಪಟ್ಟಿ ಇಟ್ಟು ಪರೀಕ್ಷಿಸಿ. ನನ್ನ ಬೈಕಿನಲ್ಲಿ ಇಷ್ಟಕ್ಕೇ ಎಷ್ಟೋ ವಾಸಿಯಾಯಿತು.

ಮೂರನೆಯದು ಭಾವನೆಯ ಪ್ರಶ್ನೆ. 'ಕೇಬಲ್ಲಿನಲ್ಲಿ ಎಂಜಿನ್ ಜೊತೆ ಮಾತಾಡಿದ ಹಾಗೆ ಇರುತ್ತಿತ್ತು' ಅನ್ನುವವರು ಇದ್ದಾರೆ. ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಯೆಜ್ಡಿಯನ್ನು, ಆರ್‌ಎಕ್ಸ್ 100ನ್ನು ಓಡಿಸಿದವರು ಹೀಗೆ ಹೇಳಿದರೆ ನಾನು ತಲೆಬಾಗುತ್ತೇನೆ. ಅವುಗಳಲ್ಲಿ ಕೈಯೇ ಸ್ಲೈಡ್ ಎತ್ತುತ್ತಿತ್ತು. ಆದರೆ ಆಮೇಲೆ ಬಂದ ಎಷ್ಟೋ ಕಾರ್ಬುರೇಟರ್ ಬೈಕುಗಳ ಕಥೆ ಬೇರೆ. ಪಲ್ಸರ್ 220ರಲ್ಲಿ ಇದ್ದಂಥ ಸಿವಿ ಕಾರ್ಬುರೇಟರಿನಲ್ಲಿ ಕೇಬಲ್ ಎಳೆಯುವುದು ಬಿಲ್ಲೆಯನ್ನು ಮಾತ್ರ. ಸ್ಲೈಡ್ ಯಾವಾಗ, ಎಷ್ಟು ಏಳಬೇಕು ಅಂತ ತೀರ್ಮಾನಿಸುವುದು ಎಂಜಿನ್ ಎಳೆಯುವ ಗಾಳಿಯ ಒತ್ತಡ. ನೀವು ಒರಟಾಗಿ ತಿರುಗಿಸಿದರೂ ಅದು ಮೆತ್ತಗೆ ಏಳುತ್ತಿತ್ತು. ಅಂದರೆ ನಮ್ಮ ಕೈಗೂ ಎಂಜಿನ್ನಿಗೂ ನಡುವೆ ಒಬ್ಬ ದಲ್ಲಾಳಿ ಆಗಲೇ ಬಂದು ಕೂತಿದ್ದ. ಒಂದು ರಬ್ಬರ್ ಪೊರೆ, ಒಂದು ಸ್ಪ್ರಿಂಗ್. ಅವನನ್ನು ಯಾರೂ ಗಮನಿಸಲಿಲ್ಲ ಅಷ್ಟೇ.

ಎಲೆಕ್ಟ್ರಿಕ್ ಸ್ಕೂಟರ್ ವಿಷಯವೂ ಇಲ್ಲಿ ಬರಬೇಕು. ಬೆಂಗಳೂರಿನ ಏಥರ್ ಇರಲಿ, ಟಿವಿಎಸ್ ಐಕ್ಯೂಬ್ ಇರಲಿ, ಯಾವುದರಲ್ಲೂ ಎಕ್ಸಲೇಟರ್ ಕೇಬಲ್ ಇಲ್ಲ. ನಮ್ಮ ಅಮ್ಮಂದಿರು, ಅಕ್ಕಂದಿರು ದಿನಾ ವೈರಿನ ಮೇಲೇ ತರಕಾರಿ ತರುತ್ತಿದ್ದಾರೆ. ಅಲ್ಲಿ ತಡ ಅನ್ನುವ ದೂರು ಕಮ್ಮಿ. ಯಾಕಂದ್ರೆ ಅಲ್ಲಿ ಗಾಳಿ, ಪೆಟ್ರೋಲ್, ಬಿಲ್ಲೆ ಯಾವುದೂ ಇಲ್ಲ. ಆದರೆ ಅಲ್ಲಿಯದೇ ಒಂದು ಅಪಾಯ ಇದೆ. ಸದ್ದಿಲ್ಲದ ಗಾಡಿ ಆನ್ ಆಗಿದೆ ಅಂತ ಗೊತ್ತಾಗದೆ ಮಕ್ಕಳು ಹಿಡಿಕೆ ತಿರುಗಿಸಿಬಿಡುತ್ತಾರೆ. ಗಾಡಿ ಮುಂದಕ್ಕೆ ನುಗ್ಗುತ್ತದೆ. ಗೇಟಿನ ಹತ್ತಿರ ನಿಂತು ಮಾತಾಡುವಾಗಲೂ ಕೀ ಆಫ್ ಮಾಡಿ, ದಯವಿಟ್ಟು.

ಕೆಟ್ಟರೆ ಯಾವುದು ಹೆಚ್ಚು ಅಪಾಯ?

'ಕಂಪ್ಯೂಟರ್ ಕೆಟ್ಟು ಬೈಕು ತಾನೇ ಓಡಿಹೋದರೆ?' ಈ ಭಯ ಸಹಜ. ಕಾರುಗಳಲ್ಲಿ 2009–10ರಲ್ಲಿ ಟೊಯೊಟಾ ವಿಷಯದಲ್ಲಿ ಅಮೆರಿಕದಲ್ಲಿ ದೊಡ್ಡ ಗಲಾಟೆಯೇ ಆಯಿತು. ಅಲ್ಲಿನ ಸಾರಿಗೆ ಇಲಾಖೆ ನಾಸಾದ ಎಂಜಿನಿಯರ್‌ಗಳನ್ನೇ ಕರೆಸಿತು. 2011ರ ಫೆಬ್ರವರಿಯಲ್ಲಿ ಬಂದ ವರದಿ, ಅಂಥ ಅಪಾಯಕಾರಿ ವೇಗಕ್ಕೆ ಕಾರಣವಾಗುವ ಎಲೆಕ್ಟ್ರಾನಿಕ್ ದೋಷ ಕಂಡಿಲ್ಲ ಅಂದಿತು. ಆದರೆ ವಿಷಯ ಅಲ್ಲಿಗೇ ಮುಗಿಯಲಿಲ್ಲ. 2013ರಲ್ಲಿ ಒಕ್ಲಹೋಮಾದ ಜ್ಯೂರಿ ಒಂದು ಪ್ರಕರಣದಲ್ಲಿ ಕಂಪನಿಯನ್ನೇ ಹೊಣೆ ಮಾಡಿತು. ಸಾಫ್ಟ್‌ವೇರ್ ಹೇಗೆ ಬರೆದಿದ್ದಾರೆ ಅನ್ನುವುದೂ ಬ್ರೇಕ್ ಶೂನಷ್ಟೇ ಸುರಕ್ಷತೆಯ ವಿಷಯ ಅಂತ ಜಗತ್ತಿಗೆ ಆಗ ಚೆನ್ನಾಗಿ ಮನವರಿಕೆಯಾಯಿತು. ವಾಹನದ ಎಲೆಕ್ಟ್ರಾನಿಕ್ಸ್ ಸುರಕ್ಷತೆಗೆ ಇರುವ ಐಎಸ್‌ಒ 26262 ಮಾನದಂಡದಲ್ಲಿ 2018ರಿಂದ ಮೋಟಾರ್‌ಸೈಕಲ್‌ಗಳಿಗೇ ಒಂದು ಭಾಗ ಇದೆ.

ಬೈಕಿನ ಒಳಗೆ ಈ ಎಚ್ಚರಿಕೆ ಹೇಗೆ ಕಾಣುತ್ತದೆ? ಹಿಡಿಕೆಯ ಸೆನ್ಸರ್ ಒಂದಲ್ಲ, ಎರಡು ಬೇರೆ ಬೇರೆ ಸಿಗ್ನಲ್ ಕಳಿಸುತ್ತದೆ. ಥ್ರಾಟಲ್ ಬಾಡಿಯಲ್ಲೂ ಎರಡು. ಇಸಿಯು ಜೋಡಿಗಳನ್ನು ಸದಾ ತಾಳೆ ನೋಡುತ್ತದೆ. ಒಂದಕ್ಕೊಂದು ಹೊಂದದಿದ್ದರೆ 'ಯಾರನ್ನೂ ನಂಬಲ್ಲ' ಅಂತ ಮೋಟಾರಿಗೆ ಕರೆಂಟ್ ನಿಲ್ಲಿಸುತ್ತದೆ. ಆಗ ಸ್ಪ್ರಿಂಗ್ ಬಿಲ್ಲೆಯನ್ನು ಹಿಂದಕ್ಕೆ ತರುತ್ತದೆ. ಪೂರ್ತಿ ಮುಚ್ಚುವುದಿಲ್ಲ, ಸ್ವಲ್ಪ ತೆರೆದ ಜಾಗದಲ್ಲಿ ನಿಲ್ಲಿಸುತ್ತದೆ. ಎಂಜಿನ್ ಐಡ್ಲಿಂಗ್‌ಗಿಂತ ತುಸು ಜೋರಾಗಿ ಓಡುತ್ತದೆ, ಕ್ಲಚ್ ಬಿಟ್ಟುಕೊಂಡು ನಿಧಾನ ಮನೆ ಸೇರಬಹುದು. ಇದನ್ನೇ ಲಿಂಪ್ ಮೋಡ್ ಅನ್ನುವುದು.

ಸಕಲೇಶಪುರದಲ್ಲಿ ನನಗೆ ಆಗಿದ್ದು ಅದು. ಮಳೆಯಲ್ಲಿ ನಿಂತಾಗ ಬೈದುಕೊಂಡಿದ್ದೆ. ಆಮೇಲೆ ಹೊಳೆಯಿತು: ಚಾರ್ಮಾಡಿಯಲ್ಲಿ ನಾನು ಐಡ್ಲಿಂಗ್ ಸ್ಕ್ರೂ ತಿರುಗಿಸಿ ಮಾಡಿದ್ದನ್ನೇ ಈ ಎಂಜಿನಿಯರ್‌ಗಳು ಕಾರ್ಖಾನೆಯಲ್ಲೇ ಸ್ಪ್ರಿಂಗ್ ಇಟ್ಟು ಮಾಡಿದ್ದಾರೆ. ಸ್ಕ್ರೂಡ್ರೈವರ್ ಕೊಡಲು ಲಾರಿ ಬರುವವರೆಗೆ ಕಾಯಬೇಕಾಗಿಲ್ಲ.

ಕೇಬಲ್ ಹೋಗುವ ಇನ್ನೊಂದು ರೀತಿ ಇದೆ, ಅದು ನಿಜವಾದ ಅಪಾಯ. ಕಟ್ಟಾಗುವ ಮೊದಲು ಹರಿದ ಒಂದು ಎಳೆ ಹೊರಗಿನ ಕವಚದೊಳಗೆ ಸಿಕ್ಕಿಕೊಂಡರೆ ಬಿಲ್ಲೆ ತೆರೆದೇ ನಿಲ್ಲುತ್ತದೆ. ಹಿಡಿಕೆ ಬಿಟ್ಟರೂ ರೇಸ್ ಇಳಿಯುವುದಿಲ್ಲ. ಅದಕ್ಕೇ ದೊಡ್ಡ ಬೈಕುಗಳಲ್ಲಿ ತೆರೆಯಲು ಒಂದು, ಮುಚ್ಚಲು ಒಂದು ಅಂತ ಎರಡು ಕೇಬಲ್ ಇಡುತ್ತಿದ್ದರು. ನಮ್ಮ ಸಣ್ಣ ಬೈಕುಗಳಲ್ಲಿ ಸಾಮಾನ್ಯವಾಗಿ ಒಂದೇ. ಕೇಬಲ್ ಬೈಕು ಇಟ್ಟುಕೊಂಡವರು ಈ ಒಂದು ಪರೀಕ್ಷೆ ಮಾಡಿ. ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ, ಆಮೇಲೆ ಪೂರ್ತಿ ಬಲಕ್ಕೆ ತಿರುಗಿಸಿ. ಎಂಜಿನ್ ಸದ್ದು ಏರಿದರೆ ಕೇಬಲ್ ಎಲ್ಲೋ ಎಳೆದುಕೊಳ್ಳುತ್ತಿದೆ ಅಂತ ಅರ್ಥ. ಯೂ ಟರ್ನ್ ಹೊಡೆಯುವಾಗ ಗಾಡಿ ತಾನಾಗಿ ಮುಂದೆ ನುಗ್ಗುವುದು ಹೀಗೇ. ಹಾಗೆ ಆದರೆ ಕ್ಲಚ್ ಹಿಡಿದು ಕಿಲ್ ಸ್ವಿಚ್ ಒತ್ತಬೇಕು. ವೈರ್ ಬೈಕಿಗೂ ಇದೇ ಮಾತು.

ಈಗ ಆ ಲ್ಯಾಪ್‌ಟಾಪ್ ವಿಷಯ

ಸುರಕ್ಷತೆಯಲ್ಲಿ, ಹೊಗೆಯಲ್ಲಿ, ಅನುಕೂಲದಲ್ಲಿ ವೈರ್ ಗೆಲ್ಲುತ್ತದೆ. ರಿಪೇರಿಯಲ್ಲಿ ನಾವು ಸೋಲುತ್ತಿದ್ದೇವೆ. ಅದು ವೈರಿನ ಗುಣ ಅಲ್ಲ. ಕಂಪನಿಗಳು ಬೀಗ ಹಾಕಿಟ್ಟಿದ್ದರಿಂದ ಹೀಗಾಗಿದೆ.

ಹಾಸನದ ಸರ್ವಿಸ್ ಸೆಂಟರಿನಲ್ಲಿ ಲ್ಯಾಪ್‌ಟಾಪ್ ಸಿಕ್ಕಿಸಿದರು. ಹಿಡಿಕೆಯ ಎರಡು ಸಿಗ್ನಲ್ ಹೊಂದುತ್ತಿಲ್ಲ ಅನ್ನುವ ಕೋಡ್ ಬಂತು, ಪಿ 2138. ಟ್ಯಾಂಕ್ ಬಿಚ್ಚಿದಾಗ ಕನೆಕ್ಟರಿನ ಒಂದು ಪಿನ್ನಿನ ಮೇಲೆ ಹಸಿರು ಕಿಲುಬು ಕಣ್ಣಿಗೇ ಕಾಣುತ್ತಿತ್ತು. ಮಳೆ, ಅದರ ಮೇಲೆ ಪ್ರತಿ ತಿಂಗಳು ನಾನು ಮಾಡಿಸುತ್ತಿದ್ದ ಪ್ರೆಶರ್ ವಾಶ್. ತಪ್ಪಿನಲ್ಲಿ ನನ್ನ ಪಾಲೂ ಇದೆ. ಆದರೆ 'ಪಿನ್ ಸ್ವಚ್ಛ ಮಾಡಿ ನೋಡೋಣ' ಅಂದರೆ ಒಪ್ಪಲಿಲ್ಲ. ಕನೆಕ್ಟರ್ ಬಿಡಿಯಾಗಿ ಸಿಗುವುದಿಲ್ಲ, ಹಿಡಿಕೆಯ ಸೆನ್ಸರ್ ಪೂರ್ತಿ ಸೆಟ್ಟೇ ಹಾಕಬೇಕು ಅಂದರು. ಬಿಲ್ 6,400 ರೂಪಾಯಿ, ನಾಲ್ಕು ದಿನದ ಕಾಯುವಿಕೆ.

250 ಎಲ್ಲಿ, 6,400 ಎಲ್ಲಿ? ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರಿಗೆ, ದಿನಾ ಗಾಡಿ ಓಡಿದರೆ ಮಾತ್ರ ಊಟ ಅನ್ನುವ ಡೆಲಿವರಿ ಹುಡುಗನಿಗೆ ಇದು ಸಣ್ಣ ಮಾತಲ್ಲ. ಈ ತಂತ್ರಜ್ಞಾನ 90 ಸಾವಿರದ ಗಾಡಿಗೆ ಇಳಿದಿರುವಾಗ ಈ ಪ್ರಶ್ನೆ ಕೇಳಲೇಬೇಕು, ಅಲ್ವಾ?

ಮಾರುಕಟ್ಟೆಯಲ್ಲೇ ಒಂದು ಸ್ವಾರಸ್ಯದ ಪ್ರಯೋಗ ನಡೆದಿದೆ. 2024ರ ಸೆಪ್ಟೆಂಬರ್‌ನಲ್ಲಿ ಟ್ರಯಂಫ್ ಸ್ಪೀಡ್ ಟಿ4 ಅನ್ನುವ ಬೈಕನ್ನು 2.17 ಲಕ್ಷಕ್ಕೆ ಬಿಟ್ಟಿತು. ಸ್ಪೀಡ್ 400ರದ್ದೇ 398 ಸಿಸಿ ಎಂಜಿನ್. ಆದರೆ ಶಕ್ತಿ 40 ಪಿಎಸ್‌ನಿಂದ 31 ಪಿಎಸ್‌ಗೆ ಇಳಿಸಿ, ಕೆಳಗಿನ ಆರ್‌ಪಿಎಂನಲ್ಲೇ ಎಳೆಯುವ ಹಾಗೆ ಮಾಡಿದರು. ರೈಡ್ ಬೈ ವೈರ್ ತೆಗೆದು ಕೇಬಲ್ ಹಾಕಿದರು, ಟ್ರ್ಯಾಕ್ಷನ್ ಕಂಟ್ರೋಲೂ ತೆಗೆದರು. ಒಂದು ಕಡೆ 125 ಸಿಸಿಗೆ ವೈರ್ ಇಳಿಯುತ್ತಿದೆ, ಇನ್ನೊಂದು ಕಡೆ 400 ಸಿಸಿಯಲ್ಲಿ ಕೇಬಲ್ ವಾಪಸ್ ಬಂದಿದೆ. ಮೂರನೇ ಗೇರ್‌ನಲ್ಲೇ ಊರೆಲ್ಲ ಸುತ್ತುವವರಿಗೆ ಕೇಬಲ್ ಸಾಕು ಅಂತ ಒಂದು ಕಂಪನಿಗೆ ಲೆಕ್ಕ ಸಿಕ್ಕಿತು ಅಂದರೆ, 'ವೈರ್ ಇಲ್ಲದಿದ್ದರೆ ಹಳೇ ಕಾಲದ್ದು' ಅನ್ನುವ ಮಾತು ಪೂರ್ತಿ ನಿಜ ಅಲ್ಲ ಅಂತಾಯಿತು.

ಹೊಸ ಬೈಕ್ ನೋಡಲು ಹೋಗುವವರಿಗೆ ನಾನು ಹೇಳುವುದು ಇಷ್ಟು. ಟೆಸ್ಟ್ ರೈಡಿನಲ್ಲಿ ಖಾಲಿ ರಸ್ತೆಯಲ್ಲಿ 100 ಮುಟ್ಟಿಸಿ ಬರಬೇಡಿ. ಸಂಜೆ ಆರೂವರೆಗೆ ಹೋಗಿ. ಎರಡನೇ ಗೇರ್‌ನಲ್ಲಿ ತೆವಳಿಸಿ. ಹಂಪ್ ಹತ್ತಿಸಿ, ಇಳಿಸಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೋಗಿ, ಅವರನ್ನೂ ಕೇಳಿ. ಬಂದಮೇಲೆ ಸೇಲ್ಸ್‌ನವರ ಹತ್ತಿರ ಹಿಡಿಕೆಯ ಸೆನ್ಸರ್ ಬೆಲೆ ಎಷ್ಟು, ಥ್ರಾಟಲ್ ಬಾಡಿ ಬೆಲೆ ಎಷ್ಟು ಅಂತ ಕೇಳಿ. ವೈರ್ ಬೈಕ್ ಕೊಂಡಮೇಲೆ ಬ್ಯಾಟರಿ ಚೆನ್ನಾಗಿ ನೋಡಿಕೊಳ್ಳಿ, ಕನೆಕ್ಟರ್‌ಗಳಿಗೆ ಪ್ರೆಶರ್ ವಾಶ್ ನೀರು ಹೊಡೆಸಬೇಡಿ, ಎಕ್ಸ್‌ಟ್ರಾ ಲೈಟ್ ಹಾಕಿಸುವಾಗ ಮೂಲ ವೈರಿಂಗ್ ಕತ್ತರಿಸಲು ಬಿಡಬೇಡಿ. ಗಾಡಿ ತಿಂಗಳುಗಟ್ಟಲೆ ನಿಂತಿದ್ದರೆ ಇಲಿ ವೈರ್ ಕಡಿದಿದೆಯಾ ನೋಡಿ. ಕೇಬಲನ್ನು ಇಲಿ ತಿನ್ನುತ್ತಿರಲಿಲ್ಲ.

ಕಂಪನಿಗಳಿಂದ ಬೇಕಾಗಿರುವುದೂ ದೊಡ್ಡದಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು, ಅದರಲ್ಲಿ ವಾಹನಗಳೂ ಇವೆ. ಆ ಮಾತಿಗೆ ಬೆಲೆ ಬರಬೇಕಾದರೆ ಕೋಡ್‌ಗಳ ಅರ್ಥ ಮ್ಯಾನುಯಲ್ಲಿನಲ್ಲೇ ಇರಬೇಕು. ಕನೆಕ್ಟರ್, ಸೆನ್ಸರ್ ಬಿಡಿಯಾಗಿ ಸಿಗಬೇಕು. ಬಿಡಿಭಾಗ ಬದಲಿಸಿದಮೇಲೆ ಬಿಲ್ಲೆಯ ಜಾಗವನ್ನು ಇಸಿಯುಗೆ ಹೊಸದಾಗಿ ಕಲಿಸುವ ವಿಧಾನ ಹೊರಗಿನ ಮೆಕ್ಯಾನಿಕ್‌ಗಳಿಗೂ ತೆರೆದಿರಬೇಕು.

ಈ ಕೊನೆಯದು ನನಗೆ ಗೊತ್ತಾಗಿದ್ದು ಸಕಲೇಶಪುರದ ಅದೇ ಗ್ಯಾರೇಜಿನಲ್ಲಿ. ಎರಡು ತಿಂಗಳ ಹಿಂದೆ ಆ ದಾರಿಯಲ್ಲಿ ಹೋಗುವಾಗ ನಿಲ್ಲಿಸಿದೆ. ಗೋಡೆಯ ಮೊಳೆಗಳಲ್ಲಿ ಕ್ಲಚ್ ಕೇಬಲ್, ಎಕ್ಸಲೇಟರ್ ಕೇಬಲ್ ಮೊದಲಿನ ಹಾಗೇ ನೇತಾಡುತ್ತಿದ್ದವು. ಕೆಳಗೆ ಡ್ರಾಯರ್ ತೆಗೆದು ಮೆಕ್ಯಾನಿಕ್ ಒಂದು ಸ್ಕ್ಯಾನರ್ ತೋರಿಸಿದರು. ಸಾಲ ಮಾಡಿ ತಗೊಂಡಿದ್ದಾರೆ. ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಏಳೆಂಟು ಕೋಡ್ ಬರೆದಿದ್ದರು, ಪಿ 2138 ಕೂಡ ಇತ್ತು.

"ಈಗ ನೀವೇ ಸರಿಮಾಡ್ತೀರಾ ಹಾಗಾದ್ರೆ?" ಅಂದೆ.

"ಓದೋಕೆ ಬರುತ್ತೆ ಸಾರ್. ಪಿನ್ ತೊಳೆದು ಎಷ್ಟೋ ಗಾಡಿ ಇಲ್ಲೇ ಕಳಿಸಿದೀನಿ. ಆದ್ರೆ ಥ್ರಾಟಲ್ ಬಾಡಿ ಬದಲಾಯಿಸಿದ್ರೆ ಮುಚ್ಚೋದು ಎಲ್ಲಿ, ತೆರೆಯೋದು ಎಲ್ಲಿ ಅಂತ ಗಾಡಿಗೆ ಹೇಳಿಕೊಡ್ಬೇಕು. ನಾನು ನೋಡೋ ಗಾಡಿಗಳಿಗೆ ಆ ಮೆನು ಇದ್ರಲ್ಲಿ ತೆರೆಯಲ್ಲ. ಕಂಪನಿಯವರ ಪಾಸ್‌ವರ್ಡ್ ಕೇಳುತ್ತೆ."

ಹೊರಗೆ ಒಂದು ಟಾಟಾ ಏಸ್ ನಿಂತಿತ್ತು. ಅದರ ಮೇಲೆ ಹಗ್ಗ ಹಾಕಿ ಬಿಗಿದ ಒಂದು ಬೈಕು, ಹಾಸನಕ್ಕೆ, 40 ಕಿಲೋಮೀಟರ್.